ಕಂದು ಹಾಕುವ ರೋಗ (ಬ್ರುಸೆಲ್ಲೋಸಿಸ್): ಗರ್ಭಿಣಿಯರಿರುವ ಹೈನುಗಾರ ಕುಟುಂಬಗಳು ವಹಿಸಬೇಕಾದ ಎಚ್ಚರಿಕೆಗಳು

ಪೀಠಿಕೆ

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ ಸಾಗುವ ಹಾದಿಯಲ್ಲಿ, ತುಂಗಾ ನದಿಗೆ ಅಣೆಕಟ್ಟು ಕಟ್ಟಿರುವ ಗಾಜನೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಭತ್ತ ಮತ್ತು ಅಡಿಕೆಯ ಜೊತೆಗೆ ಹೈನುಗಾರಿಕೆಯೂ ಕುಟುಂಬದ ಆದಾಯಕ್ಕೆ ಆಧಾರವಾಗಿದೆ. ಗದ್ದೆ, ತೋಟದ ಕೆಲಸಕ್ಕೆ ಆಳುಗಳನ್ನು ಕರೆಯುವುದುಂಟು. ಕೊಟ್ಟಿಗೆಯ ಕೆಲಸ ಮಾತ್ರ ಹೆಚ್ಚಿನ ಮನೆಗಳಲ್ಲಿ ಹೆಣ್ಣುಮಕ್ಕಳ ಪಾಲಿಗೇ ಉಳಿದಿದೆ. ಸಗಣಿ ಬಾಚುವುದು, ಸೊಪ್ಪು ಹಾಸುವುದು, ಹಾಲು ಕರೆಯುವುದು, ಕರು ಹಾಕುವಾಗ ನೆರವಾಗುವುದು, ಬಿದ್ದ ಕಸವನ್ನು (ಸತ್ತೆಯನ್ನು) ಎತ್ತಿ ಹಾಕುವುದು ಇವೆಲ್ಲವನ್ನೂ ಅವರೇ ಮಾಡುತ್ತಾರೆ. ಗರ್ಭಿಣಿಯಾದ ಮಾತ್ರಕ್ಕೆ ಈ ಕೆಲಸಗಳಿಂದ ಅವರಿಗೆ ಬಿಡುವು ಸಿಗುವುದು ಅಪರೂಪ.

ಗಬ್ಬದ ಹಸು ಕಂದು ಹಾಕಿದಾಗ ಕರು ಹೋಯಿತು, ಒಂದು ಸೂಲಿನ ಹಾಲು ಹೋಯಿತು ಎಂದು ಮನೆಯವರು ನಷ್ಟದ ಲೆಕ್ಕ ಹಾಕುತ್ತಾರೆ. ಹಸುವಿನ ಗರ್ಭ ಕಳೆದ ಅದೇ ಬ್ಯಾಕ್ಟೀರಿಯಾ, ಆ ಕೊಟ್ಟಿಗೆಯನ್ನು ತೊಳೆದ ಗರ್ಭಿಣಿಯ ದೇಹವನ್ನೂ ಸೇರಬಲ್ಲದು ಎಂಬ ಅಂಶ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಕೊಟ್ಟಿಗೆಯ ಆರೋಗ್ಯಕ್ಕೂ ಮನೆಯ ಹೆಣ್ಣುಮಗಳ ಗರ್ಭರಕ್ಷಣೆಗೂ ಇರುವ ಈ ಸಂಬಂಧವನ್ನು, ಹಾಗೂ ಈ ಕುರಿತು ರೈತ ಕುಟುಂಬಗಳೂ ವಿಸ್ತರಣಾ ಕಾರ್ಯಕರ್ತರೂ ಕೈಗೊಳ್ಳಬೇಕಾದ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರೋಗಕಾರಕ

ಬ್ರುಸೆಲ್ಲೋಸಿಸ್ ರೋಗಕ್ಕೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಇದನ್ನು ಮೊದಲು ಬೇರ್ಪಡಿಸಿದರು. ರೋಗದ ಹೆಸರು ಅವರಿಂದಲೇ ಬಂದಿದೆ. ಹಸುಗಳ ಗರ್ಭಪಾತಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಗುರುತಿಸಿದರು. 1905ರಲ್ಲಿ ಮಾಲ್ಟಾದಲ್ಲಿಯೇ, ಕಾಯಿಸದ ಮೇಕೆ ಹಾಲಿನಿಂದ ಈ ಜ್ವರ ಮನುಷ್ಯರಿಗೆ ಹರಡುವುದೆಂದು ಥೆಮಿಸ್ಟೋಕ್ಲಿಸ್ ಝಮ್ಮಿತ್ ಅವರ ಸಂಶೋಧನೆ ತೋರಿಸಿಕೊಟ್ಟಿತು. ಹಸು ಮತ್ತು ಎಮ್ಮೆಗಳಲ್ಲಿ ಮುಖ್ಯವಾಗಿ ಬ್ರುಸೆಲ್ಲಾ ಅಬಾರ್ಟಸ್, ಕುರಿ ಮತ್ತು ಮೇಕೆಗಳಲ್ಲಿ ಬ್ರುಸೆಲ್ಲಾ ಮೆಲಿಟೆನ್ಸಿಸ್ ಎಂಬ ಪ್ರಭೇದಗಳು ರೋಗವನ್ನುಂಟುಮಾಡುತ್ತವೆ. ಎರಡೂ ಮನುಷ್ಯರಿಗೆ ತಗಲುತ್ತವೆ. ಎರಡನೆಯದು ಹೆಚ್ಚು ತೀವ್ರವಾದದ್ದು.

ಗಬ್ಬದ ಹಸುವಿನ ಗರ್ಭಕೋಶ ಮತ್ತು ಕಸದಲ್ಲಿ ಎರಿಥ್ರಿಟಾಲ್ ಎಂಬ ಒಂದು ಬಗೆಯ ಸಕ್ಕರೆಯ ಅಂಶವಿರುತ್ತದೆ. ಬ್ರುಸೆಲ್ಲಾ ಬ್ಯಾಕ್ಟೀರಿಯಾಗಳಿಗೆ ಇದು ಅಚ್ಚುಮೆಚ್ಚಿನ ಆಹಾರ. ಗಬ್ಬ ಬಲಿತಂತೆ ಅವು ಅಲ್ಲಿ ಅಪಾರ ಸಂಖ್ಯೆಯಲ್ಲಿ ವೃದ್ಧಿಗೊಂಡು ಕಸವನ್ನು ಹಾಳುಗೆಡವುತ್ತವೆ. ಕರುವಿಗೆ ಪೋಷಣೆ ನಿಂತು ಕಂದು ಬೀಳುತ್ತದೆ. ಆದುದರಿಂದಲೇ ಬಿದ್ದ ಕಂದು, ಕಸ ಮತ್ತು ಗರ್ಭದ್ರವಗಳು ಈ ರೋಗದ ಅತಿ ದೊಡ್ಡ ಆಕರಗಳಾಗಿವೆ. ಮನುಷ್ಯರ ಮಾಸುವಿನಲ್ಲಿ ಈ ಅಂಶ ಹಸುವಿನಲ್ಲಿರುವಂತೆ ಇರುವುದಿಲ್ಲ. ಆದರೂ ಸೋಂಕು ತಗಲಿದ ಗರ್ಭಿಣಿಯರಲ್ಲಿ ಗರ್ಭಪಾತ, ಗರ್ಭದಲ್ಲೇ ಶಿಶುಮರಣ ಮತ್ತು ಅವಧಿಪೂರ್ವ ಹೆರಿಗೆಯ ಸಂಭವ ಹೆಚ್ಚೆಂದು ಹಲವು ದೇಶಗಳ ವೈದ್ಯಕೀಯ ಅನುಭವ ತಿಳಿಸುತ್ತದೆ.

ಜಾನುವಾರುಗಳಲ್ಲಿ ಕಂಡುಬರುವ ಲಕ್ಷಣಗಳು

• ಗಬ್ಬದ ಐದನೆಯ ತಿಂಗಳ ನಂತರ, ಸಾಮಾನ್ಯವಾಗಿ ಆರರಿಂದ ಎಂಟು ತಿಂಗಳ ನಡುವೆ ಕಂದು ಹಾಕುವುದು.
• ಕಂದು ಬಿದ್ದ ಮೇಲೆ ಕಸ ಬೀಳದೆ ಉಳಿಯುವುದು, ಗರ್ಭಕೋಶದ ಸೋಂಕು, ಮತ್ತೆ ಗಬ್ಬ ನಿಲ್ಲಲು ತಡವಾಗುವುದು.
• ತಿಂಗಳು ತುಂಬಿದರೂ ಕರು ಸತ್ತು ಹುಟ್ಟುವುದು ಅಥವಾ ಅತಿ ನಿಶ್ಶಕ್ತವಾಗಿ ಹುಟ್ಟುವುದು.
• ಹೋರಿಗಳಲ್ಲಿ ವೃಷಣದ ಊತ, ಸಂತಾನಶಕ್ತಿ ಕುಂದುವುದು. ಕೆಲವು ರಾಸುಗಳಲ್ಲಿ ಮೊಣಕಾಲಿನ ಕೀಲು ಬಾವು.

ರೋಗವಿರುವ ಹಸು ಬಹುಮಟ್ಟಿಗೆ ಒಂದೇ ಬಾರಿ ಕಂದು ಹಾಕುತ್ತದೆ. ಮುಂದಿನ ಸೂಲಿನಲ್ಲಿ ತಿಂಗಳು ತುಂಬಿ ಕರು ಹಾಕಿದರೆ ‘ರೋಗ ವಾಸಿಯಾಯಿತು’ ಎಂದು ರೈತರು ಭಾವಿಸುವುದು ಸಹಜ. ವಾಸ್ತವದಲ್ಲಿ ಬ್ಯಾಕ್ಟೀರಿಯಾ ಹಸುವಿನ ಕೆಚ್ಚಲು ಮತ್ತು ಹಾಲ್ರಸ ಗ್ರಂಥಿಗಳಲ್ಲಿ ಉಳಿದುಕೊಂಡು, ಪ್ರತಿ ಕರು ಹಾಕುವಿಕೆಯಲ್ಲಿಯೂ ಆಗಾಗ್ಗೆ ಹಾಲಿನಲ್ಲಿಯೂ ಹೊರಬರುತ್ತಿರುತ್ತದೆ. ನೋಡಲು ಆರೋಗ್ಯವಾಗಿರುವ ಹಸು ಬಹುಕಾಲ ರೋಗವಾಹಕವಾಗಿ ಉಳಿಯಬಲ್ಲದು.

ಕಂದು ಹಾಕಲು ಲೆಪ್ಟೊಸ್ಪೈರಾ ಸೋಂಕು, ಕೆಲವು ವೈರಾಣುಗಳು, ಶಿಲೀಂಧ್ರ, ಪೋಷಕಾಂಶಗಳ ಕೊರತೆ, ಪೆಟ್ಟು ಮುಂತಾದ ಬೇರೆ ಕಾರಣಗಳೂ ಇವೆ. ಕಣ್ಣಿನಿಂದ ನೋಡಿ ಕಾರಣವನ್ನು ನಿರ್ಧರಿಸಲಾಗದು. ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಪ್ರತಿಯೊಂದು ಗರ್ಭಪಾತವನ್ನೂ ಸೋಂಕಿನಿಂದಾದದ್ದೆಂದೇ ಭಾವಿಸಿ ನಡೆದುಕೊಳ್ಳುವುದು ಸುರಕ್ಷಿತ.

ಮನುಷ್ಯರಿಗೆ ಹರಡುವ ಬಗೆ

1. ಸ್ಪರ್ಶ: ಬರಿಗೈಯಲ್ಲಿ ಕಂದು, ಕಸ, ಗರ್ಭದ್ರವಗಳನ್ನು ಮುಟ್ಟಿದಾಗ ಚರ್ಮದ ಸಣ್ಣ ಗಾಯ, ಬಿರುಕುಗಳ ಮೂಲಕ. ಹುಲ್ಲು ಕೊಯ್ದು, ಅಡಿಕೆ ಸುಲಿದು ತರಚಿದ ಕೈಗಳು ಸೋಂಕಿಗೆ ತೆರೆದ ಬಾಗಿಲು.
2. ಸಿಡಿತ ಮತ್ತು ಉಸಿರು: ಕೊಟ್ಟಿಗೆಯನ್ನು ರಭಸದಿಂದ ತೊಳೆಯುವಾಗ, ಒಣಗಿದ ಹಾಸನ್ನು ಗುಡಿಸುವಾಗ ಕಣ್ಣು, ಮೂಗು, ಬಾಯಿಯ ಮೂಲಕ.
3. ಆಹಾರ: ಕಾಯಿಸದ ಹಾಲು ಮತ್ತು ಅದರಿಂದ ಮಾಡಿದ ಪದಾರ್ಥಗಳ ಮೂಲಕ.
4. ಲಸಿಕೆ: ಕರುಗಳಿಗೆ ಹಾಕುವ ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದರಿಂದ, ಅದರ ಸೂಜಿ ಚುಚ್ಚಿದರೆ ಅಥವಾ ಕಣ್ಣಿಗೆ ಸಿಡಿದರೆ.

ಮಲೆನಾಡಿನ ಪದ್ಧತಿಯಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಇಲ್ಲಿ ಕೊಟ್ಟಿಗೆಗೆ ಸೊಪ್ಪು, ದರಗು ಹಾಸಿ, ತುಳಿದು ನೆನೆದ ಆ ಹಾಸನ್ನು ಗೊಬ್ಬರದ ಗುಂಡಿಗೂ ಅಲ್ಲಿಂದ ಅಡಿಕೆ ತೋಟಕ್ಕೂ ಬುಟ್ಟಿಯಲ್ಲಿ ಹೊರುವ ರೂಢಿಯಿದೆ. ಕಂದು ಬಿದ್ದ ಜಾಗದ ಹಾಸು ಹೀಗೆ ಸಾಗಿದರೆ ಸೋಂಕೂ ಅದರೊಡನೆ ಸಾಗುತ್ತದೆ. ನೇರ ಬಿಸಿಲು ಬಿದ್ದರೆ ಬ್ರುಸೆಲ್ಲಾ ಬೇಗ ಸಾಯುತ್ತದೆ. ನೆರಳು, ತಂಪು, ತೇವಗಳಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ಮಳೆಗಾಲದ ಮಲೆನಾಡಿನ ಕೊಟ್ಟಿಗೆಯಲ್ಲಿ ಈ ಮೂರೂ ಇವೆ.

ಹಾಲು, ಗಿಣ್ಣು ಮತ್ತು ಪಂಚಾಮೃತ

ಶಿವಮೊಗ್ಗ ಹಾಲು ಒಕ್ಕೂಟದ ಮಾಚೇನಹಳ್ಳಿ ಡೇರಿಯಿಂದ ಪೊಟ್ಟಣಗಳಲ್ಲಿ ಪೇಟೆಗೆ ಹೋಗುವ ಹಾಲು ಪಾಶ್ಚರೀಕರಣಗೊಂಡಿರುತ್ತದೆ. 72 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ 15 ಸೆಕೆಂಡು ಕಾಯಿಸಿದರೆ ಬ್ರುಸೆಲ್ಲಾ ಉಳಿಯುವುದಿಲ್ಲ. ಆದರೆ ಹಾಲು ಉತ್ಪಾದಿಸುವ ಮನೆಯವರು ಕುಡಿಯುವುದು ಕರೆದ ಹಾಲನ್ನೇ. ಪೇಟೆಯ ಗ್ರಾಹಕನಿಗೆ ಯಂತ್ರ ಒದಗಿಸುವ ರಕ್ಷಣೆಯನ್ನು ರೈತನ ಮನೆಯಲ್ಲಿ ಒಲೆಯೇ ಒದಗಿಸಬೇಕು. ಹಾಲು ಉಕ್ಕಿ ಬಂದ ಮೇಲೆ ಉರಿ ತಗ್ಗಿಸಿ, ಕೈಯಾಡಿಸುತ್ತಾ ಎರಡು ಮೂರು ನಿಮಿಷ ಕುದಿಸಿ ಇಳಿಸುವುದು ಸಾಕು. ಚೆನ್ನಾಗಿ ಕಾಯಿಸಿದ ಹಾಲಿನಿಂದ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ, ಬೆಣ್ಣೆ ಮತ್ತು ತುಪ್ಪಗಳಿಗೆ ಅಂಜಬೇಕಾಗಿಲ್ಲ.

ಹಸಿ ಹಾಲು ಬಾಯಿಗೆ ಹೋಗುವ ಸಂದರ್ಭಗಳು ಬೇರೆ ಇವೆ. ಕರೆದ ನೊರೆಹಾಲು ಪುಷ್ಟಿಕರವೆಂದು ಬಸುರಿಗೆ ಹಾಗೆಯೇ ಕುಡಿಸುವ ಮನೆಗಳುಂಟು, ಇದನ್ನು ಬಿಡಬೇಕು. ಅಭಿಷೇಕದ ಹಾಲು, ಪಂಚಾಮೃತಗಳಿಗೆ ಸಾಮಾನ್ಯವಾಗಿ ಕಾಯಿಸದ ಹಾಲನ್ನೇ ಬಳಸುತ್ತಾರೆ. ಮನೆಯ ಪೂಜೆಯಲ್ಲಿ ಗರ್ಭಿಣಿಗೆ ಕೊಡುವ ಪಂಚಾಮೃತಕ್ಕೆ ಕಾಯಿಸಿ ಆರಿಸಿದ ಹಾಲನ್ನು ಬಳಸಬಹುದು. ಹೊರಗಡೆ ಕೊಟ್ಟಿದ್ದನ್ನು ಕಣ್ಣಿಗೊತ್ತಿಕೊಂಡು ಸೇವಿಸದೆ ಬಿಡಬಹುದು. ಗಿಣ್ಣು ಹಾಲನ್ನು ನಡುಭಾಗವೂ ಗಟ್ಟಿಯಾಗುವಂತೆ ಹಬೆಯಲ್ಲಿ ಪೂರ್ತಿ ಬೇಯಿಸಬೇಕು. ಕಂದು ಹಾಕಿದ ಹಸುವಿನ ಗಿಣ್ಣು ಹಾಲನ್ನು ಮನೆಯಲ್ಲಿ ಬಳಸುವುದಾಗಲಿ ನೆರೆಮನೆಗಳಿಗೆ ಹಂಚುವುದಾಗಲಿ ಸಲ್ಲದು.

ಹಾಲನ್ನೇ ಬಿಡಬೇಕೆಂದು ಯಾರೂ ತಿಳಿಯಬಾರದು. ಗರ್ಭಿಣಿಗೆ ಹಾಲು ಅಗತ್ಯವಾದ ಪೌಷ್ಟಿಕ ಆಹಾರ. ಅದನ್ನು ಕಾಯಿಸಿ ಕುಡಿಯಬೇಕೆಂಬುದಷ್ಟೇ ಇಲ್ಲಿನ ಸೂಚನೆ.

ಮನುಷ್ಯರಲ್ಲಿ ರೋಗಲಕ್ಷಣಗಳು

ಸೋಂಕು ತಗಲಿದ ಒಂದರಿಂದ ನಾಲ್ಕು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳ ನಂತರ, ಲಕ್ಷಣಗಳು ತೋರುತ್ತವೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ವೇಳೆ ವಿಪರೀತ ಬೆವರು, ಸೊಂಟ ಹಾಗೂ ಕೀಲು ನೋವು, ಆಯಾಸ, ಹಸಿವಿಲ್ಲದಿರುವುದು ಮುಖ್ಯ ಲಕ್ಷಣಗಳು. ಸೊಂಟನೋವು, ಆಯಾಸಗಳು ಬಸುರಿನಲ್ಲಿ ಸಾಮಾನ್ಯವೆಂದು ಕಡೆಗಣಿಸಲ್ಪಡುತ್ತವೆ. ಜ್ವರವನ್ನು ಟೈಫಾಯಿಡ್ ಅಥವಾ ಮಲೇರಿಯಾ ಎಂದು ಭಾವಿಸುವ ಸಂಭವವಿದೆ. ‘ನಮ್ಮ ಹಸು ಇತ್ತೀಚೆಗೆ ಕಂದು ಹಾಕಿತು, ಕೊಟ್ಟಿಗೆಯನ್ನು ನಾನೇ ತೊಳೆದೆ’ ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಿದರೆ ರೋಗಪತ್ತೆಯ ದಾರಿಯೇ ಬದಲಾಗುತ್ತದೆ. ವೈದ್ಯರು ಕೇಳದಿದ್ದರೂ ಈ ಮಾತನ್ನು ಹೇಳಬೇಕು.

ಪ್ರಾಣಿಯ ಸಾವನ್ನು ಮನುಷ್ಯನಿಗೆ ಬಂದ ಮುನ್ಸೂಚನೆಯೆಂದು ಓದುವ ವಿದ್ಯೆ ಶಿವಮೊಗ್ಗ ಜಿಲ್ಲೆಗೆ ಹೊಸದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮಂಗನ ಕಾಯಿಲೆ ಬೆಳಕಿಗೆ ಬಂದಿತು. ಅದು ಉಣ್ಣೆಗಳಿಂದ ಹರಡುವ ವೈರಾಣು ರೋಗ. ಬ್ರುಸೆಲ್ಲೋಸಿಸ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಂದು ಇಲ್ಲಿನ ಹಳ್ಳಿಗಳಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ಅರಿವಿದೆ. ಕೊಟ್ಟಿಗೆಯಲ್ಲಿ ಬಿದ್ದ ಕಂದಿನ ವಿಷಯದಲ್ಲಿಯೂ ಅದೇ ಅರಿವು ಮೂಡಬೇಕಾಗಿದೆ.

ಹಸು ಕಂದು ಹಾಕಿದಾಗ ಕೈಗೊಳ್ಳಬೇಕಾದ ಕ್ರಮಗಳು

1. ಗರ್ಭಿಣಿಯರು, ಮಕ್ಕಳು ಮತ್ತು ನಾಯಿಗಳನ್ನು ಕೊಟ್ಟಿಗೆಯಿಂದ ತಕ್ಷಣ ದೂರವಿಡಬೇಕು. ನಾಯಿ ಕಂದನ್ನು ಎಳೆದೊಯ್ದರೆ ಸೋಂಕು ಊರೆಲ್ಲ ಹರಡುತ್ತದೆ.
2. ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಅಥವಾ 1962 ಪಶು ಸಹಾಯವಾಣಿಗೆ ತಿಳಿಸಬೇಕು. ಪಶುವೈದ್ಯರು ಬರುವವರೆಗೆ ಕಂದು ಮತ್ತು ಕಸವನ್ನು ಗೋಣಿಚೀಲದಿಂದ ಮುಚ್ಚಿಟ್ಟಿರಬೇಕು; ಪರೀಕ್ಷೆಗೆ ಅವುಗಳ ಮಾದರಿ ಬೇಕಾಗುತ್ತದೆ.
3. ಕಸ ಬೀಳದಿದ್ದರೆ ಬರಿಗೈ ಹಾಕಿ ಎಳೆಯಬಾರದು. ಇದು ಹಸುವಿಗೂ ಅಪಾಯ, ಎಳೆದವರಿಗೂ ಅಪಾಯ.
4. ಶುಚಿಗೊಳಿಸುವವರು ಉದ್ದನೆಯ ಕೈಗವಸು, ಬೂಟು, ಮೂಗು ಬಾಯಿ ಮುಚ್ಚುವ ಮುಖಗವಸು ಧರಿಸಬೇಕು, ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಬೇಕು. ಕೈಗವಸು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕೈಗೆ ಕಟ್ಟಿಕೊಳ್ಳಬಹುದು.
5. ಮಾದರಿ ತೆಗೆದ ನಂತರ ಕಂದು, ಕಸ ಮತ್ತು ಆ ಜಾಗದ ಹಾಸನ್ನು ನಾಲ್ಕರಿಂದ ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಗುಂಡಿ ಬಾವಿ, ಹಳ್ಳ, ಕಾಲುವೆ ಮತ್ತು ತೋಟದ ಬಸಿಗಾಲುವೆಗಳಿಂದ ದೂರವಿರುವ ಎತ್ತರದ ಜಾಗದಲ್ಲಿರಲಿ. ನದಿಗಾಗಲಿ ಕಾಲುವೆಗಾಗಲಿ ಎಸೆಯಕೂಡದು. ಮರದ ಕೊಂಬೆಗೆ ಕಟ್ಟುವ ಅಥವಾ ಬೇಲಿಯಾಚೆ ಬಿಸಾಡುವ ರೂಢಿಯನ್ನೂ ಬಿಡಬೇಕು.
6. ನೆಲವನ್ನು ಮೊದಲು ಸೋಪಿನ ನೀರಿನಿಂದ ನಿಧಾನವಾಗಿ ತೊಳೆದು, ಅನಂತರ ಬ್ಲೀಚಿಂಗ್ ಪುಡಿ ಅಥವಾ ಫಿನೈಲ್ ದ್ರಾವಣ ಸುರಿಯಬೇಕು. ಸಗಣಿ, ರಕ್ತಗಳ ಮೇಲೆಯೇ ಸುರಿದ ಔಷಧಿ ಸರಿಯಾಗಿ ಕೆಲಸ ಮಾಡದು.
7. ಕಂದು ಹಾಕಿದ ಹಸುವನ್ನು ಸ್ರಾವ ನಿಲ್ಲುವವರೆಗೂ ಪರೀಕ್ಷೆಯ ಫಲಿತಾಂಶ ಬರುವವರೆಗೂ ಬೇರೆ ಕಟ್ಟಬೇಕು. ಅದನ್ನು ಕೊನೆಯಲ್ಲಿ ಕರೆಯಬೇಕು. ಅದರ ಹಾಲಿನ ಬಳಕೆ ಮತ್ತು ಸಂಘಕ್ಕೆ ಹಾಕುವ ವಿಷಯದಲ್ಲಿ ಪಶುವೈದ್ಯರ ಸಲಹೆಯಂತೆ ನಡೆಯಬೇಕು.

ರೋಸ್ ಬೆಂಗಾಲ್ ಪರೀಕ್ಷೆ, ಎಲಿಸಾ ಪರೀಕ್ಷೆಗಳಿಂದ ರಕ್ತದಲ್ಲಿಯೂ, ಮಿಲ್ಕ್ ರಿಂಗ್ ಪರೀಕ್ಷೆಯಿಂದ ಹಾಲಿನಲ್ಲಿಯೂ ಸೋಂಕಿನ ಸುಳಿವನ್ನು ಪತ್ತೆ ಹಚ್ಚಬಹುದು. ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ತಜ್ಞರಿಂದ ಸ್ಥಳೀಯ ಪಶುವೈದ್ಯರ ಮೂಲಕ ಸಲಹೆ ಪಡೆಯಬಹುದು. ರೋಗ ದೃಢಪಟ್ಟ ಹಸುವಿಗೆ ಸೋಂಕನ್ನು ಪೂರ್ಣವಾಗಿ ನಿವಾರಿಸುವ ಕಾರ್ಯಸಾಧ್ಯ ಚಿಕಿತ್ಸೆ ಇಲ್ಲ. ಹಾಗೆಂದು ಅದನ್ನು ಸಂತೆಯಲ್ಲಿ ಮಾರಿದರೆ ನಮ್ಮ ಮನೆಯ ಕಷ್ಟವನ್ನು ತಿಳಿಯದ ಮತ್ತೊಂದು ಮನೆಗೆ ದಾಟಿಸಿದಂತಾಗುತ್ತದೆ. ಆ ಮನೆಯಲ್ಲಿಯೂ ಗರ್ಭಿಣಿಯೊಬ್ಬಳು ಇರಬಹುದು. ಜಾನುವಾರುಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ 2009ರಲ್ಲಿ ಜಾರಿಗೆ ಬಂದ ಕೇಂದ್ರ ಕಾಯಿದೆಯ ಪಟ್ಟಿಯಲ್ಲಿ ಬ್ರುಸೆಲ್ಲೋಸಿಸ್ ಸೇರಿದ್ದು, ರೋಗದ ಸಂಶಯವನ್ನು ಅಧಿಕಾರಿಗಳಿಗೆ ತಿಳಿಸುವುದು ಮಾಲೀಕರ ಹೊಣೆಯಾಗಿದೆ.

ಗರ್ಭಿಣಿಯರಿಗೆ ಸೂಚನೆಗಳು

• ಹೆರಿಗೆಯಾಗುವವರೆಗೆ ಕರು ಹಾಕಿಸುವ, ಕಸ ಎತ್ತುವ, ಕಂದು ಬಿದ್ದ ಜಾಗ ತೊಳೆಯುವ ಕೆಲಸಗಳನ್ನು ಮಾಡಬಾರದು. ಇವನ್ನು ಮನೆಯ ಇತರರು ವಹಿಸಿಕೊಳ್ಳಬೇಕು.
• ಹಾಲು ಕರೆಯಲೇಬೇಕಾದ ಮನೆಗಳಲ್ಲಿ ಕಂದು ಹಾಕಿದ ಅಥವಾ ಪರೀಕ್ಷೆಯಾಗದ ಸಂಶಯದ ಹಸುವನ್ನು ಗರ್ಭಿಣಿ ಕರೆಯಬಾರದು. ಕರೆದ ನಂತರ ಸೋಪು ಹಚ್ಚಿ ಕೈ ತೊಳೆಯಬೇಕು.
• ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುವಾಗ ಕರುವನ್ನು ಹಿಡಿದುಕೊಳ್ಳಬಾರದು. ಬಳಸಿದ ಸೀಸೆ, ಸೂಜಿಗಳನ್ನು ಮುಟ್ಟಬಾರದು.
• ಕುರಿ, ಮೇಕೆಗಳು ಮರಿ ಹಾಕುವ ಜಾಗದಿಂದಲೂ ದೂರವಿರಬೇಕು. ಅವುಗಳ ಗರ್ಭದ್ರವದಿಂದ ಬ್ರುಸೆಲ್ಲಾ ಅಲ್ಲದೆ ಕ್ಯೂ ಜ್ವರದ ಬ್ಯಾಕ್ಟೀರಿಯಾವೂ ಹರಡಬಲ್ಲದು.
• ಸೋಂಕಿನ ವಸ್ತುಗಳನ್ನು ಈಗಾಗಲೇ ಮುಟ್ಟಿದ್ದರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರಿಗೆ ತಿಳಿಸಬೇಕು. ರಕ್ತಪರೀಕ್ಷೆಯನ್ನು ಕೆಲವು ವಾರಗಳ ನಂತರ ಮತ್ತೊಮ್ಮೆ ಮಾಡಿಸಬೇಕಾಗಬಹುದು. ಮುಂದಿನ ಆರು ತಿಂಗಳಲ್ಲಿ ಜ್ವರ ಬಂದರೆ ಈ ಸಂಗತಿಯನ್ನು ಮತ್ತೆ ನೆನಪಿಸಬೇಕು.

ಬ್ರುಸೆಲ್ಲೋಸಿಸ್‌ಗೆ ಮನುಷ್ಯರಲ್ಲಿ ಚಿಕಿತ್ಸೆಯುಂಟು. ಎರಡು ಔಷಧಿಗಳನ್ನು ಒಟ್ಟಿಗೆ, ಸಾಮಾನ್ಯವಾಗಿ ಆರು ವಾರಗಳ ಕಾಲ ಕೊಡುತ್ತಾರೆ. ಇತರರಿಗೆ ಕೊಡುವ ಡಾಕ್ಸಿಸೈಕ್ಲಿನ್, ಸ್ಟ್ರೆಪ್ಟೊಮೈಸಿನ್‌ಗಳು ಗರ್ಭಿಣಿಯರಿಗೆ ಹೊಂದುವುದಿಲ್ಲವಾದ್ದರಿಂದ ವೈದ್ಯರು ಬೇರೆ ಔಷಧಿ ಆಯ್ದುಕೊಳ್ಳುತ್ತಾರೆ. ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗುವುದು, ಜ್ವರ ಇಳಿಯಿತೆಂದು ಅರ್ಧದಲ್ಲಿ ನಿಲ್ಲಿಸುವುದು ಎರಡೂ ಅಪಾಯಕರ. ಬೇಗ ಗುರುತಿಸಿ ಚಿಕಿತ್ಸೆ ಪಡೆದ ಗರ್ಭಿಣಿಯರಲ್ಲಿ ಗರ್ಭ ಉಳಿಯುವ ಸಂಭವ ಹೆಚ್ಚು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಅಗತ್ಯವೆನಿಸಿದರೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಕಳುಹಿಸುತ್ತಾರೆ.

ಗಮನದಲ್ಲಿಡಬೇಕಾದ ಇನ್ನೆರಡು ಸೋಂಕುಗಳು

ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್): ಇಲಿ ಮತ್ತು ಜಾನುವಾರುಗಳ ಮೂತ್ರ ಸೇರಿದ ನೀರು, ಕೆಸರಿನಿಂದ ಚರ್ಮದ ಗಾಯಗಳ ಮೂಲಕ ತಗಲುತ್ತದೆ. ಇದೂ ಹಸುಗಳಲ್ಲಿ ಕಂದು ಹಾಕಿಸುತ್ತದೆ. ಗರ್ಭಿಣಿಯರಲ್ಲಿಯೂ ಗರ್ಭನಷ್ಟ ಉಂಟುಮಾಡಬಲ್ಲದು. ಕಾಲಿನಲ್ಲಿ ಗಾಯವಿರುವ ಗರ್ಭಿಣಿ ನಾಟಿ ಗದ್ದೆಗೆ ಇಳಿಯಬಾರದು. ತೀವ್ರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಈ ರೋಗಕ್ಕೆ ಗರ್ಭಿಣಿಯರಿಗೂ ಕೊಡಬಹುದಾದ ಪೆನಿಸಿಲಿನ್ ಚಿಕಿತ್ಸೆ ಲಭ್ಯವಿದೆ.

ಲಿಸ್ಟೀರಿಯೋಸಿಸ್: ಗರ್ಭಿಣಿಯರಿಗೆ ಈ ಸೋಂಕು ತಗಲುವ ಸಂಭವ ಇತರರಿಗಿಂತ ಸುಮಾರು 10 ಪಟ್ಟು ಹೆಚ್ಚು. ತಾಯಿಗೆ ಸಣ್ಣ ಜ್ವರ ಮಾತ್ರ ಕಾಣಿಸಿಕೊಂಡು ಗರ್ಭ ಹೋಗಬಹುದು. ಸರಿಯಾಗಿ ಮುಚ್ಚದೆ ಕೆಟ್ಟ ರಸಮೇವನ್ನು ತಿಂದ ರಾಸುಗಳ ಹಾಲಿನಲ್ಲಿ ಈ ಬ್ಯಾಕ್ಟೀರಿಯಾ ಬರಬಹುದು. ಫ್ರಿಜ್ಜಿನ ತಂಪಿನಲ್ಲಿಯೂ ಅದು ಬೆಳೆಯುತ್ತದೆ. ಬೂಷ್ಟು ಹಿಡಿದ ರಸಮೇವನ್ನು ರಾಸುಗಳಿಗೆ ಹಾಕಬಾರದು. ಹಾಲನ್ನು ಕಾಯಿಸಿಯೇ ಫ್ರಿಜ್ಜಿನಲ್ಲಿಡಬೇಕು. ಉಳಿದ ಅಡುಗೆಯನ್ನು ಮತ್ತೆ ಕುದಿಸಿ ಉಣ್ಣಬೇಕು.

ಲಸಿಕೆಯೇ ಮೂಲ ಪರಿಹಾರ

2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವು ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲೋಸಿಸ್ ಎರಡನ್ನೂ ಒಳಗೊಂಡಿದೆ. ಅದರಂತೆ 4ರಿಂದ 8 ತಿಂಗಳ ವಯಸ್ಸಿನ ಹೆಣ್ಣು ಹಸುಗರು ಮತ್ತು ಎಮ್ಮೆಗರುಗಳಿಗೆ ಜೀವಮಾನದಲ್ಲಿ ಒಮ್ಮೆ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ. ಗಂಡು ಕರುಗಳಿಗೂ ಗಬ್ಬದ ರಾಸುಗಳಿಗೂ ಹಾಕುವಂತಿಲ್ಲ. ವಯಸ್ಸು ಮೀರಿದರೆ ಅವಕಾಶ ತಪ್ಪಿದಂತೆಯೇ. ಆದ್ದರಿಂದ ಹೆಣ್ಣು ಕರು ಹುಟ್ಟಿದ ದಿನವನ್ನು ಬರೆದಿಟ್ಟು, ನಾಲ್ಕು ತಿಂಗಳು ತುಂಬುತ್ತಲೇ ಪಶು ಚಿಕಿತ್ಸಾಲಯಕ್ಕೆ ತಿಳಿಸಬೇಕು. ಕಾಡಂಚಿಗೆ ಮೇಯಲು ಬಿಡುವ ಮಲೆನಾಡು ಗಿಡ್ಡ ತಳಿಯ ಕರುಗಳನ್ನೂ ಬಿಡದೆ ಲಸಿಕೆ ಹಾಕಿಸಬೇಕು. ನಾಟಿ ದನಕ್ಕೆ ರೋಗ ತಗಲದೆಂಬ ನಂಬಿಕೆ ಸರಿಯಲ್ಲ. ಹೊಸ ರಾಸುಗಳನ್ನು ಕೊಳ್ಳುವ ಮುನ್ನ ರಕ್ತಪರೀಕ್ಷೆ ಮಾಡಿಸಬೇಕು. ಊರ ಹೋರಿಗಿಂತ ಪರೀಕ್ಷಿತ ವೀರ್ಯದ ಕೃತಕ ಗರ್ಭಧಾರಣೆ ಸುರಕ್ಷಿತ. ಮನುಷ್ಯರಿಗೆ ನಮ್ಮಲ್ಲಿ ಈ ರೋಗದ ಲಸಿಕೆ ಇಲ್ಲ. ಕರುವಿಗೆ ಹಾಕಿದ ಲಸಿಕೆಯೇ ಮನೆಯವರಿಗೂ ರಕ್ಷಣೆ.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಹಸುವಿನ ಗರ್ಭಪಾತದ ಸುದ್ದಿ ಪಶು ಇಲಾಖೆಗೆ ತಿಳಿಯುತ್ತದೆ. ಗರ್ಭಿಣಿಯ ವಿವರ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಇವೆರಡು ಮಾಹಿತಿಗಳೂ ಒಂದೇ ಮನೆಗೆ ಸೇರಿದ್ದರೂ ಪರಸ್ಪರ ಸಂಧಿಸುವುದಿಲ್ಲ. ಪಶು ಪರೀಕ್ಷಕರು, ಪಶು ಸಖಿಯರು ಮತ್ತು ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗಳು ಕಂದು ಹಾಕಿದ ಮನೆಗೆ ಹೋದಾಗ ‘ಮನೆಯಲ್ಲಿ ಬಸುರಿ ಇದ್ದಾರೆಯೇ?’ ಎಂದು ಕೇಳಿ, ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ತಾಯಿ ಕಾರ್ಡ್ ತುಂಬುವಾಗ ‘ಮನೆಯಲ್ಲಿ ಹಸು, ಕುರಿ, ಮೇಕೆ ಇವೆಯೇ? ಈಚೆಗೆ ಯಾವುದಾದರೂ ಕಂದು ಹಾಕಿದೆಯೇ?’ ಎಂದು ವಿಚಾರಿಸಬೇಕು. ಈ ಎರಡು ಪ್ರಶ್ನೆಗಳಿಗೆ ಯಾವ ಖರ್ಚೂ ಇಲ್ಲ. ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆ, ಸ್ತ್ರೀಶಕ್ತಿ ಗುಂಪುಗಳ ಸಭೆ, ಹಾಲಿನ ಸಂಘದ ವಾರ್ಷಿಕ ಸಭೆಗಳು ಈ ವಿಷಯ ತಿಳಿಸಲು ತಕ್ಕ ವೇದಿಕೆಗಳು.

ತಿಳಿವಳಿಕೆ ಕೊಡುವಾಗ ಗರ್ಭಿಣಿಗೆ ಮಾತ್ರ ಹೇಳಿದರೆ ಸಾಲದು. ಕೊಟ್ಟಿಗೆಯ ಕೆಲಸ ಯಾರು ಮಾಡಬೇಕೆಂದು ತೀರ್ಮಾನಿಸುವವರು ಅತ್ತೆ, ಮಾವ, ಗಂಡ. ಅವರನ್ನೂ ಕೂರಿಸಿಕೊಂಡು ಹೇಳಬೇಕು. ಗರ್ಭ ಕಳೆದುಕೊಂಡ ಹೆಣ್ಣುಮಗಳನ್ನು ದೂಷಿಸುವ ಮಾತು ಬಾರದಂತೆಯೂ ನೋಡಿಕೊಳ್ಳಬೇಕು. ಗರ್ಭಪಾತಕ್ಕೆ ಕಾರಣಗಳು ಹಲವು. ಹೆಚ್ಚಿನವು ಆಕೆಯ ಕೈಯಲ್ಲಿಲ್ಲ. ಕೊಟ್ಟಿಗೆಯ ಸೋಂಕೇ ಕಾರಣವಾಗಿದ್ದರೂ ಅದು ಆಕೆ ಮನೆಗಾಗಿ ದುಡಿಯುವಾಗ ತಗಲಿದ್ದೇ ಹೊರತು ಆಕೆಯ ತಪ್ಪಿನಿಂದ ಬಂದದ್ದಲ್ಲ.

ಸಾರಾಂಶ

ಹಾಲನ್ನು ಕಾಯಿಸಿಯೇ ಬಳಸಿ. ಬಿದ್ದ ಕಂದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪರೀಕ್ಷೆ ಮಾಡಿಸಿ, ಸುಣ್ಣ ಹಾಕಿ ಹೂಳಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಅಷ್ಟು ತಿಂಗಳು ಕರು ಹಾಕಿಸುವ, ಕಸ ಎತ್ತುವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಿ. ಜ್ವರ ಬಂದರೆ ಕೊಟ್ಟಿಗೆಯಲ್ಲಿ ನಡೆದದ್ದನ್ನು ವೈದ್ಯರಿಗೆ ತಿಳಿಸಿ. ಜಾನುವಾರುಗಳ ಕುರಿತ ನೆರವಿಗೆ 1962, ಆರೋಗ್ಯ ಸಲಹೆಗೆ 104 ಸಂಖ್ಯೆಗೆ ಕರೆ ಮಾಡಬಹುದು.